ಅಕ್ಕ ಕೊಟ್ಟು ಹೋದ ಶಬ್ದ

ಇಂಡಿ,
೨೧ ಜನವರಿ ೧೯೭೮

ಶ್ರೀಮತ್ಸಕಲಸದ್ಗುಣಾಲಂಕೃತೆ, ಇಂಗ್ಲಿಷ್ ವ್ಯಾಕರಣ ಸಾಮ್ರಾಜ್ಯದ ಪಟ್ಟದರಸಿ, ನಮ್ಮ ಓಣಿಯಲ್ಲಿ ಮೆಟ್ರಿಕ್ಕನ್ನು ಒಂದೇ ಏಟಿಗೆ ಕೆಡವಿದ ಏಕಮೇವ ವೀರವನಿತೆ, ಒಡಹುಟ್ಟಿದ ತಮ್ಮನನ್ನು ಡಿಕ್ಷನರಿಯ ಮುಂದೆ ಕೂಡಿಸಿ ಹಿತ್ತಲ ಬಾಗಿಲಿನಿಂದ ದಿಗ್ವಿಜಯಕ್ಕೆ ಹೊರಟ ಮಹಾಮಹಿಮಳಾದ ಚಂದವ್ವಕ್ಕನವರ ಪಾದಾರವಿಂದಗಳಿಗೆ, ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ಸೋಮನಿಂಗನು ಅಟ್ಟದ ಮೇಲಿಂದ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಆರಾಮ ಇದ್ದೀಯಾ? ಥಂಡಿ ಬಿದ್ದರೆ ನಿನ್ನ ಹಿಮ್ಮಡಿ ಒಡೆಯುತ್ತವೆ, ಔಡಲೆಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಹೊಸ ಊರಿನ ನೀರು ಹೊಟ್ಟೆಗೆ ಹಿಡಿಸಿತೇ? ಇಲ್ಲಿ ಅಪ್ಪನ ಕೆಮ್ಮು ಹಾಗೇ ಇದೆ. ಅವ್ವ ಮೇಲೆ ನೋಡಲು ಗಟ್ಟಿಯಾಗಿದ್ದಾಳೆ, ಆದರೆ ಯಾರಾದರೂ ಹಿತ್ತಲ ಬಾಗಿಲು ತೆರೆದರೆ ಮಾತು ಅರ್ಧಕ್ಕೆ ಬಿಟ್ಟು ಆ ಕಡೆ ನೋಡುತ್ತಾಳೆ. ನಾನು ಆರಾಮವಾಗಿಲ್ಲ. ನನಗೆ ಆಗಿರುವ ರೋಗದ ಹೆಸರು ಸಿಟ್ಟು. ಅದು ಯಾರ ಮೇಲೆ ಎಂದು ಮಹಾರಾಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನೀನು ಕೊಟ್ಟ ಅಭ್ಯಾಸವನ್ನು ಒಪ್ಪಿಸುತ್ತೇನೆ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು ಭೂಮಿತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲಲು ಹೊಲಕ್ಕೆ ಹೊರಟಿದ್ದರು. ನಿನಗೆ ತಲೆನೋವು ಬಂತು. ಬಂದ ತಲೆನೋವು ನಿನ್ನೊಬ್ಬಳಿಗೇ ಸಾಲದೆ, ಈ ಸಲವಾದರೂ ಸೋಮ್ಯಾ ಪಾಸಾಗಬೇಕು, ಅವನನ್ನೂ ಮನೆಯಲ್ಲಿ ಬಿಡಿ ಎಂದು ಅವ್ವನಿಗೆ ಶಿಫಾರಸು ಮಾಡಿದೆ. ನನ್ನ ವರ್ಷದ ಊಟ ಹೋಯಿತು. ಬಂಡಿ ಓಣಿ ದಾಟುವುದೇ ತಡ, ನೀನು ಸಾಲಿಯಲ್ಲಿ ಬಹುಮಾನ ಪಡೆದ ಆ ದಪ್ಪ ಡಿಕ್ಷನರಿ ತಂದು ನನ್ನ ಮುಂದೆ ಇಟ್ಟು, ‘ಸರ್ಚ್’ ಎಂಬ ಶಬ್ದದ ಮೇಲೆ ಬೆರಳಿಟ್ಟೆ. “ಹುಡುಕೂದು ಅಂತ ಒಂದ ಅರ್ಥ ಬರದು ಎದ್ದು ಬರಬ್ಯಾಡ. ಎಲ್ಲಾ ಅರ್ಥ ಬೇಕು, ಎಲ್ಲಿಂದ ಬಂತು ಅನ್ನೂದೂ ಬೇಕು. ನಾ ಬಂದು ನೋಡ್ತೇನಿ” ಅಂದೆ. ಆ ಕೊನೆಯ ಮಾತನ್ನು ಇನ್ನೂ ಜಗಿಯುತ್ತಿದ್ದೇನೆ ಅಕ್ಕಾ, ಮೆತ್ತಗಾಗುತ್ತಿಲ್ಲ.

ನಾನು ಅಟ್ಟ ಹತ್ತಿ ಕೂತೆ. ಇರುವೆಗಾತ್ರದ ಅಕ್ಷರಗಳನ್ನು ಒಂದೊಂದಾಗಿ ಹಿಡಿದು ಬರೆದೆ. ಹುಡುಕುವುದು ಮೊದಲನೆಯ ಅರ್ಥ. ಪೊಲೀಸರು ಮನುಷ್ಯನ ಅಂಗಿ ಕಿಸೆ ತಡಕಾಡಿ ನೋಡುತ್ತಾರಲ್ಲ, ಅದಕ್ಕೂ ಇದೇ ಶಬ್ದ. ಚಳಿಗಾಳಿ ಕಂಬಳಿಯ ಸಂದಿನಿಂದ ನುಗ್ಗಿ ಎಲುಬಿಗೆ ಹತ್ತುತ್ತದಲ್ಲ, ಇಂಗ್ಲಿಷಿನವರು ಅದಕ್ಕೂ ಇದನ್ನೇ ಬಳಸುತ್ತಾರಂತೆ. ಹಿಂದಿನ ಕಾಲದಲ್ಲಿ ವೈದ್ಯರು ಗಾಯದೊಳಗೆ ಸಲಾಕೆ ಹಾಕಿ ಎಷ್ಟು ಆಳ ಹೋಗಿದೆ ಎಂದು ನೋಡುವುದಕ್ಕೂ ಈ ಮಾತೇ ಇತ್ತಂತೆ. ಇನ್ನು ಹುಟ್ಟು. ಈ ಶಬ್ದ ಇಂಗ್ಲೆಂಡಿನದೇ ಅಲ್ಲ, ಫ್ರಾನ್ಸಿನಿಂದ ಬಂದದ್ದು, ಅಲ್ಲಿಗೆ ಲ್ಯಾಟಿನ್ನಿನಿಂದ. ಅಲ್ಲಿ ಅದರ ಅರ್ಥ ಸುತ್ತು ಹಾಕುವುದು, ಚಕ್ರಾಕಾರವಾಗಿ ತಿರುಗುವುದು. ಸರ್ಕಸ್ಸು ಇದರ ದಾಯಾದಿ. ಇದನ್ನು ಕಂಡುಹಿಡಿದಾಗ ನನಗೆ ಎಷ್ಟು ಹಿಗ್ಗಾಯಿತೆಂದರೆ, ಹಾಳೆ ಹಿಡಿದುಕೊಂಡು ಏಣಿ ಇಳಿಯುತ್ತಲೇ ನಿನ್ನನ್ನು ಕೂಗಿದೆ. ಅಡುಗೆಮನೆಯಲ್ಲಿ ಕೂಗಿದೆ, ಹಿತ್ತಲಲ್ಲಿ ಕೂಗಿದೆ, ಪಕ್ಕದ ಸೈದಾಬಿಯ ಮನೆಯ ಗೋಡೆ ಹತ್ತಿ ಕೂಗಿದೆ. ಸೈದಾಬಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ನಾನು ನೋಡಿಲ್ಲಪ್ಪ ಎಂದಳು. ನಿನ್ನ ಟ್ರಂಕು ಖಾಲಿಯಾಗಿತ್ತು. ಹಣಿಗೆಯನ್ನೂ ಒಯ್ದಿದ್ದೆ. ಡಿಕ್ಷನರಿ ಮತ್ತು ತಮ್ಮ, ಎರಡೂ ಭಾರವೆಂದು ಬಿಟ್ಟು ಹೋಗಿದ್ದೆ.

ಸಂಕ್ರಮಣ ಮುಗಿದ ಕೂಡಲೇ ಧೂಳಪ್ಪ ಮಾವನಿಗೂ ನಿನಗೂ ನಿಶ್ಚಯ ಎಂದು ಗೊತ್ತಾಗಿತ್ತು. ಅವ್ವನ ಸ್ವಂತ ತಮ್ಮ, ಹುಟ್ಟಿದಾಗಲೇ ಅವನ ಹೆಸರಿಗೆ ನಿನ್ನನ್ನು ಇಟ್ಟದ್ದು, ಮನೆಯಲ್ಲಿ ಯಾರೂ ನಿನ್ನ ಮನಸ್ಸು ಕೇಳಲಿಲ್ಲ, ಒಪ್ಪುತ್ತೇನೆ. ಆದರೆ ನನ್ನ ಮನಸ್ಸನ್ನು ನೀನು ಯಾಕೆ ಕೇಳಲಿಲ್ಲ? ಅದೇ ಮಾವನ ರುಮಾಲಿನ ತುದಿಯನ್ನು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿದಾಗ ಗಂಟು ಹಾಕಿದವನು ನಾನು, ಆತನನ್ನು ಮಾತಿಗೆ ಹಿಡಿದವಳು ನೀನು. ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ಅಪ್ಪನ ಚಪ್ಪಲಿಯಲ್ಲಿಟ್ಟು ಓಣಿಗೆಲ್ಲ ಮಾಟದ ಹೆದರಿಕೆ ಹುಟ್ಟಿಸಿದ್ದು ನಾವಿಬ್ಬರೂ. ಅಂಥ ದೊಡ್ಡ ದೊಡ್ಡ ರಾಜಕಾರ್ಯಗಳಲ್ಲಿ ಜೊತೆಗಿದ್ದವನನ್ನು ಈ ಒಂದು ಕಾರ್ಯದಲ್ಲಿ ನೀನು ಹೊರಗಿಟ್ಟೆ. ಹೊರಗಿಟ್ಟದ್ದಷ್ಟೇ ಅಲ್ಲ, ನನ್ನ ಮೇಲೆಯೇ ಆಟ ಕಟ್ಟಿದೆ.

ಹೊಲದಿಂದ ಬಂದವರು ಅತ್ತರು, ಬೈದರು, ಆಮೇಲೆ ನನ್ನನ್ನು ಹಿಡಿದರು. ಯಾಕೆಂದು ನಿನಗೆ ಗೊತ್ತು. ನಾನು ಪಾಯಾಳು, ಹುಟ್ಟುವಾಗ ಕಾಲು ಮುಂದಾಗಿ ಬಂದ ಮಹಾಪುರುಷ. ಕಳೆದ ಕುರಿ, ಕಳೆದ ಬೆಂಡೋಲೆ, ಕಳೆದ ಮನುಷ್ಯ, ಯಾವುದೇ ಆಗಲಿ, ಅಂಜನದಲ್ಲಿ ನನ್ನಂಥವರ ಕಣ್ಣಿಗಷ್ಟೇ ಕಾಣುವುದು. ಅಮಾವಾಸ್ಯೆಯೂ ಕೂಡಿ ಬಂದಿತ್ತು. ಅಂಜನ ಹಾಕುವ ಚನ್ನಬಸಯ್ಯನವರು ಬಂದು ನನ್ನ ಹೆಬ್ಬೆರಳಿನ ಉಗುರಿಗೆ ಕಪ್ಪು ಬಳಿದು, ದೀಪದ ಮುಂದೆ ಕೂಡಿಸಿ, ಉಗುರಿನೊಳಗೆ ಕಸ ಗುಡಿಸುವವ ಬಂದನೇ ಎಂದರು. ಬಂದ ಎಂದೆ. ನೀರು ಹೊಡೆಯುವವ? ಹೊಡೆದ. ಕುರ್ಚಿ ಹಾಕಿದರೇ? ಹಾಕಿದರು. ಹನುಮಂತ ದೇವರು ಬಂದು ಕೂತನೇ? ಕೂತ, ಅವಸರದಲ್ಲಿದ್ದಾನೆ ಎಂದೆ. ನನಗೆ ಕಂಡದ್ದು ನನ್ನದೇ ಮೂಗು. ಹಾಗಾದರೆ ಕೇಳು, ಹುಡುಗಿ ಎಲ್ಲಿದ್ದಾಳೆ? ಸಿಂದಗಿ ಎಂದುಬಿಟ್ಟೆ. ಸಿಂದಗಿಯ ಬಸ್‌ಸ್ಟ್ಯಾಂಡಿನ ಮಿರ್ಚಿಭಜಿ ಬಿಟ್ಟು ಅದಕ್ಕೆ ಬೇರೆ ಆಧಾರವಿರಲಿಲ್ಲ.

ಧೂಳಪ್ಪ ಮಾವ ಬೆಳಗಾದ ಕೂಡಲೇ ನನ್ನನ್ನು ಕಟ್ಟಿಕೊಂಡು ಹೊರಟ. ಚನ್ನಬಸಯ್ಯನವರು ಒಂದು ಸಣ್ಣ ಡಬ್ಬಿಯಲ್ಲಿ ಅಂಜನ ತುಂಬಿ ಅವನ ಕೈಗೆ ಕೊಟ್ಟಿದ್ದರು, ದಾರಿಯಲ್ಲಿ ಬೇಕಾದೀತೆಂದು. ಅಲ್ಲಿ ಕೆಟ್ಟಿತು ನನ್ನ ಆಟ. ಸಿಂದಗಿಯಲ್ಲಿ ಭಜಿ ತಿಂದದ್ದು ಹೌದು. ಆದರೆ ಮಾವ ಕುರಿಪೇಟೆಯಿಂದ ಹಿಡಿದು ಹೆಣ್ಣುಮಕ್ಕಳ ಸಾಲಿಯ ಗೇಟಿನವರೆಗೆ ಎಲ್ಲರನ್ನೂ ಕೇಳಿ, ಸೋತು, ಬೇವಿನ ಗಿಡದ ಕೆಳಗೆ ಕೂತು ಮತ್ತೆ ನನ್ನ ಉಗುರಿಗೆ ಕಪ್ಪು ಬಳಿದ. ನೋಡುವ ಮಂದಿ ಸುತ್ತ ಸೇರಿದರು. ಮುದ್ದೇಬಿಹಾಳ ಎಂದೆ. ಆ ಊರನ್ನು ನಾನು ನೋಡಿರಲಿಲ್ಲ ಎಂಬುದೇ ಕಾರಣ. ಮುದ್ದೇಬಿಹಾಳದಲ್ಲಿ ಸಂತೆ ದಿನ. ಕಂಬಳಿ ಮಾರುವವರು, ಬಳೆಗಾರರು, ಎಲ್ಲರ ಮುಂದೆ ಮಾವ ನಿನ್ನ ಎತ್ತರವನ್ನು ಕೈ ಮಾಡಿ ತೋರಿಸುತ್ತ ನಡೆದ. ಪ್ರತಿ ಸಲ ಆ ಕೈ ಸ್ವಲ್ಪ ಮೇಲಾಗುತ್ತಿತ್ತು. ಸಂಜೆಗೆ ನೀನು ತೆಂಗಿನ ಗಿಡದಷ್ಟಾಗಿದ್ದೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸಂತೆಯ ಕೊನೆಗೆ ಅವನು ಡಬ್ಬಿ ತೆಗೆದಾಗ, ಅಕ್ಕಾ, ಆ ಸಲ ನಾನು ಸುಳ್ಳಿಗಾಗಿ ನೋಡಲಿಲ್ಲ. ಕಣ್ಣು ಪಿಳುಕಿಸದೆ, ಉಗುರು ಮಂಜಾಗುವವರೆಗೆ, ನಿನಗಾಗಿಯೇ ನೋಡಿದೆ. ನಾನು ನಿಜವಾಗಿಯೂ ಪಾಯಾಳು ಆಗಿದ್ದರೆ ಈಗ ಕಾಣಬೇಕು ಎಂದುಕೊಂಡೆ. ಮತ್ತೆ ಅದೇ ಮೂಗು. ಎದುರಿಗೆ ಒಂದು ಬಸ್ಸು ಹೊರಡಲು ಗುರುಗುಟ್ಟುತ್ತ ನಿಂತಿತ್ತು. ಅದರ ಬೋರ್ಡಿನ ಮೇಲಿದ್ದ ಹೆಸರು ಓದಿದೆ: ಬಸವನ ಬಾಗೇವಾಡಿ.

ಈಗ ತಿಳಿಯಿತೇ ನೀನು ಮಾಡಿದ ಅನ್ಯಾಯ? ನೀನು ಬಾಗೇವಾಡಿಗೆ ಹೋಗುತ್ತೇನೆ ಎಂದು ನನ್ನ ಕಿವಿಯಲ್ಲಿ ಒಂದು ಮಾತು ಊದಿದ್ದರೆ, ನಾನು ಹನುಮಂತನನ್ನು ಗುಲಬರ್ಗಾಕ್ಕೆ ಓಡಿಸುತ್ತಿದ್ದೆ. ನೀನು ಹೇಳಲಿಲ್ಲ, ಆದ್ದರಿಂದ ನಾನೇ ಕೈ ಹಿಡಿದು ಮಾವನನ್ನು ನಿನ್ನ ಬಾಗಿಲಿಗೆ ಒಯ್ದೆ.

ಮರುದಿನ ಹೊತ್ತು ಏರುವಾಗ ಟೀಚರ್ ಟ್ರೇನಿಂಗಿನ ಹುಡುಗಿಯರ ಹಾಸ್ಟೆಲ್ಲಿನ ಮುಂದೆ ಹೋಗುತ್ತಿದ್ದೆವು. ರಸ್ತೆಯ ನಳಕ್ಕೆ ಹುಡುಗಿಯರ ಪಾಳಿ. ಬಕೀಟು ಹಿಡಿದು ನಿಂತಿದ್ದೆ ನೀನು. ಪಕ್ಕದವಳು ಏನೋ ಅಂದಳು, ನೀನು ತಲೆ ಹಿಂದೆ ಚೆಲ್ಲಿ ನಕ್ಕೆ. ಕೂಗಬೇಕೆಂದರೆ ಮಾವ ಬಗಲಲ್ಲೇ ಇದ್ದಾನೆ. ನಾನು ಹೊಟ್ಟೆ ಹಿಡಿದುಕೊಂಡು ರಸ್ತೆಯ ಮೇಲೆ ಉರುಳಿದೆ. ಭಜಿ, ಭಜಿ ಎಂದು ಹೊರಳಾಡಿದೆ. ಮಾವ ನನ್ನನ್ನು ಕುರಿಮರಿಯಂತೆ ಹೆಗಲಿಗೆ ಹಾಕಿಕೊಂಡು ಬಂದ ದಾರಿಗೇ ತಿರುಗಿದ. ಅವನ ಬೆನ್ನ ಮೇಲೆ ತಲೆಕೆಳಗಾಗಿ ಜೋತಾಡುತ್ತ ನಾನು ನಿನ್ನನ್ನು ಇನ್ನೊಂದು ಸಲ ನೋಡಿದೆ. ನೀನು ಈ ಕಡೆ ನೋಡಲೇ ಇಲ್ಲ.

ಇಂಡಿಯ ಕಡೆ ಬರುವ ಬಸ್ಸಿನಲ್ಲಿ ಮಾವ ಕಿಟಕಿಯ ಬದಿಗೆ ಕೂತ. ನಾನು ನಡುನಡುವೆ ನರಳಿ ನನ್ನ ಪಾತ್ರವನ್ನು ಶ್ರದ್ಧೆಯಿಂದ ನಿರ್ವಹಿಸುತ್ತಿದ್ದೆ. ಕೊನೆಗೆ ಕಿಟಕಿಯ ಹೊರಗೆ ನೋಡುತ್ತಲೇ ಅವನು ಅಂದ: “ಸಾಕ ಮಾಡಲೇ ಸೋಮ್ಯಾ. ಬಕೀಟ ಹಿಡಕೊಂಡು ನಿಂತಾಕಿನ್ನ ನಿನಗಿಂತ ಮೊದಲ ನಾ ನೋಡೇನಿ.” ನನ್ನ ನರಳಾಟ ನಿಂತಿತು. ಮುಂದಿನದನ್ನೂ ಅವನ ಮಾತಿನಲ್ಲೇ ಬರೆಯುತ್ತೇನೆ, ನೀನು ಕೇಳಬೇಕು. “ನಮ್ಮ ಮನ್ಯಾಗ ಆಕಿ ಹಂಗ ನಕ್ಕಿದ್ದು ನಾ ನೋಡಿಲ್ಲ. ಎಳಕೊಂಡು ಬಂದು ಏನ ಮಾಡಲಿ?” ಆಮೇಲೆ ಅಂಜನದ ಡಬ್ಬಿ ತೆಗೆದು ನನ್ನ ಅಂಗಿಯ ಕಿಸೆಗೆ ಹಾಕಿದ. “ಮುಂದಿನ ಅಮಾಸಿಗೆ ನಿನಗ ಸೊಲ್ಲಾಪುರ ಕಾಣತೈತಿ. ತಿಳೀತಿಲ್ಲೊ?” ತಿಳಿಯಿತು ಎಂದೆ. ಅವನು ರುಮಾಲು ಮುಖದ ಮೇಲೆ ಎಳೆದುಕೊಂಡು ಮಲಗಿದವನಂತೆ ಕೂತ. ನಿದ್ದೆ ಬಂದಿರಲಿಲ್ಲ.

ಹೀಗೆ ಇಂಡಿಯಿಂದ ಹೊರಟು, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಬಳಸಿ ಇಂಡಿಗೆ ಬಂದು ಮುಟ್ಟಿದೆವು. ಲ್ಯಾಟಿನ್ನಿನವರು ಸುಳ್ಳು ಹೇಳಿಲ್ಲ, ಚಕ್ರಾಕಾರವೇ. ಸಿಗಲಿಲ್ಲ ಎಂದು ಮಾವ ಅವ್ವನಿಗೆ ಹೇಳಿದ. ಅದನ್ನು ಕೇಳಿ ಗೋಡೆಯಾಚೆಗಿನ ಸೈದಾಬಿ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟು, ನೀನು ತನಗೆ ಬರೆದ ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿದಳು. ಅವಳಿಗೆ ಮೊದಲೇ ಗೊತ್ತಿತ್ತು! ಬಸ್ಸಿನ ವೇಳೆ ಗೊತ್ತಿತ್ತು, ಹಾಸ್ಟೆಲ್ಲಿನ ಹೆಸರು ಗೊತ್ತಿತ್ತು. ಹಿತ್ತಲಿನಿಂದ ನಿನ್ನ ಗಂಟು ದಾಟಿಸಿದವಳೇ ಅವಳು. ಯಾಕೆ ನನಗೆ ಹೇಳಲಿಲ್ಲ ಎಂದರೆ, “ನಿನಗ ಮಾತ್ರ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾಳಪಾ” ಅಂದಳು. ಊರಿಗೆಲ್ಲ ಬೇಡ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ನಿನಗ ಮಾತ್ರ’. ನೀನು ಕೊಟ್ಟ ಶಬ್ದದ ಅರ್ಥಗಳಲ್ಲಿ ಗಾಯದೊಳಗೆ ಸಲಾಕೆ ಹಾಕುವುದು ಯಾವುದೆಂದು ಆಗ ತಿಳಿಯಿತು. ನಿನ್ನನ್ನು ಕಳೆದುಕೊಂಡ ಮಾವ ನಿನ್ನ ಮೇಲೆ ಸಿಟ್ಟಾಗಿಲ್ಲ. ಅವನು ದೊಡ್ಡವನು. ನಾನು ಅಷ್ಟು ದೊಡ್ಡವನಲ್ಲ, ಆಗುವ ಆಸೆಯೂ ಇಲ್ಲ.

ಚೆನ್ನಾಗಿ ಓದು. ಒಳ್ಳೆಯ ಟೀಚರ್ ಆಗು, ಆದರೆ ಹುಡುಗರಿಗೆ ಅಭ್ಯಾಸ ಕೊಟ್ಟು ಓಡಿಹೋಗಬೇಡ. ನಳದ ಹತ್ತಿರ ನಿನ್ನನ್ನು ನಗಿಸಿದ ಆ ಹುಡುಗಿಗೆ ನನ್ನ ನಮಸ್ಕಾರ ಹೇಳಬೇಡ. ಹಿಮ್ಮಡಿಗೆ ಎಣ್ಣೆ ಹಚ್ಚು. ದೇವರು ನಿನಗೆ ಒಳ್ಳೆಯದು ಮಾಡಲಿ. ನಾನು ಸದ್ಯಕ್ಕೆ ಮಾಡುವವನಲ್ಲ.

ಇತಿ,
ನಿನ್ನಿಂದ ಪರಿತ್ಯಕ್ತನಾದ, ಇಂಡಿ ತಾಲೂಕಿನ ಏಕೈಕ ಸುಳ್ಳು ಪಾಯಾಳು,
ಸೋಮನಿಂಗ

ತಾ.ಕ.: ಸೈದಾಬಿ ಪಾಕೀಟು ಅಂಟಿಸಲು ಕೈ ಚಾಚಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಾವ ಇನ್ನು ಹುಡುಕುವುದಿಲ್ಲ, ನಳಕ್ಕೆ ಹೆದರದೆ ಹೋಗು. ಅವ್ವನಿಗೆ ಎರಡು ಸಾಲು ಬರೆ, ಊರ ಹೆಸರು ಹಾಕದಿದ್ದರೂ ನಡೆಯುತ್ತದೆ, ಜೀವಂತ ಇದ್ದೀ ಎಂದು ಅವಳಿಗೆ ತಿಳಿಯಬೇಕು. ಅಂಜನದಲ್ಲಿ ಕಂಡೆ ಎಂದರೆ ಅವಳು ನನ್ನನ್ನು ಪೂರ್ತಿ ನಂಬುತ್ತಿಲ್ಲ. ಇನ್ನೊಂದು. ಇದನ್ನು ಓದಿ ಹರಿದುಬಿಡು, ಸೈದಾಬಿಗೂ ಹೇಳಬೇಡ. ಎಳ್ಳಮಾಸಿಯ ದಿನ ನೀನು ನನಗೆ ಹೇಳಿ ಹೋಗಿದ್ದರೆ, ಅವ್ವ ಹೊಲದಿಂದ ಬಂದು ಅಳಲು ಶುರುಮಾಡಿದ ಕೂಡಲೇ, ಅವಳು ಕೇಳುವ ಮೊದಲೇ, ನಾನು ಎಲ್ಲ ಹೇಳಿಬಿಡುತ್ತಿದ್ದೆ.