ಎರಡು ಗಂಟೆಯ ಬಟ್ಟಲು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಚಿಟ್ಟೆಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಅಳಿಯಂದಿರ ಸೊಂಟನೋವು ಇಳಿಯಿತೇ? ಗುಂಡಣ್ಣನಿಗೆ ಮುಂದಿನ ಹಲ್ಲು ಬಂತೇ, ಇನ್ನೂ ಕಿಟಕಿ ತೆರೆದೇ ಇದೆಯೇ? ಪುಟ್ಟಕ್ಕನ ಕೆಮ್ಮು ಹೋಯಿತೇ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. "ಅಮ್ಮನ ಬೆಕ್ಕು ಹೇಗಿದೆ ಮಾವ? ನಿಮಗೆ ಕಷ್ಟವಾದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ" ಎಂದು ಕೇಳಿದ್ದೆ. ಫೋನಿನಲ್ಲಿ ಅರ್ಧ ಮಾತು ನನ್ನ ಕಿವಿಗೆ ಬೀಳುವುದಿಲ್ಲ, ಉಳಿದರ್ಧಕ್ಕೆ ನಾನೇ ಅರ್ಥ ಕಟ್ಟಿಕೊಳ್ಳುತ್ತೇನೆ. ಅದಕ್ಕೇ ಕಾಗದ. ತಡ ಮಾಡಿದ್ದಕ್ಕೆ ಬೈದುಕೋ. ಬರೆಯಲು ಕೂತಾಗಲೆಲ್ಲ ಯಾವ ತುದಿಯಿಂದ ಶುರು ಮಾಡಲಿ ಎಂದು ತೋಚದೆ ಎದ್ದುಹೋಗಿದ್ದೇನೆ.

ಜನವರಿಯಲ್ಲಿ ಮಸಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆ. ಸಣ್ಣ ವಯಸ್ಸಿನ ಹುಡುಗಿ, ನಾಲಿಗೆ ಮಾತ್ರ ಕತ್ತರಿ. "ಏನ್ ತಾತ, ಬೆಕ್ಕು ತರ್ತೀನಿ ಅಂತ ದಿಂಬು ತಂದಿದ್ದೀರಾ?" ಎಂದಳು. ಆರು ಕಿಲೋ ಇನ್ನೂರು ಗ್ರಾಂ. ಇರಬೇಕಾದದ್ದು ನಾಲ್ಕೂವರೆಯಂತೆ. ನಿನ್ನ ಅಮ್ಮ ಕಡೆಯ ವರ್ಷ ಹಾಕಿದ್ದನ್ನು ಮರೆತು ಮತ್ತೆ ಮತ್ತೆ ಹಾಕುತ್ತಿದ್ದಳಲ್ಲ, ಆ ಪ್ರೀತಿಯ ಕೊಬ್ಬು. ಮೂತ್ರಪಿಂಡ ಆಗಲೇ ಸೋಲುತ್ತಿದೆ, ಇನ್ನೂ ತೂಕ ಏರಿದರೆ ವರ್ಷ ಕಾಣುವುದು ಕಷ್ಟ ಎಂದಳು. ಹಾಗಂತ ಒಂದೇ ಸಲ ಉಪವಾಸ ಕೆಡವಬಾರದಂತೆ, ಬೆಕ್ಕಿಗೆ ಲಿವರ್ ಕೆಡುತ್ತದಂತೆ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ, ಅವಳು ಬರೆದುಕೊಟ್ಟ ಅಳತೆ. ಉಪ್ಪು ಹಾಕದೆ ಬೇಯಿಸಿದ ಕೋಳಿ ಸ್ವಲ್ಪ, ಅವರದೇ ಒಣ ಆಹಾರ ಸ್ವಲ್ಪ. ಹಾಲು ಬೇಡ, ಬಿಸ್ಕತ್ತು ಬೇಡವೇ ಬೇಡ. ನೀರಿನ ಬೋಗುಣಿ ಅಗಲವಾಗಿರಬೇಕು, ಊಟದ ಬಟ್ಟಲಿನಿಂದ ದೂರ ಇರಬೇಕು.

ಐವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನಿಗೆ ಅಳತೆ ಹೇಳಿಕೊಡಬೇಕೇ? ಮೂಲೆಯಲ್ಲಿದ್ದ ಹಿತ್ತಾಳೆ ತಕ್ಕಡಿ ಇಳಿಸಿ, ಉಜ್ಜಿ, ಕಾಳಿನಷ್ಟೂ ಹೆಚ್ಚುಕಡಿಮೆಯಾಗದಂತೆ ತೂಗಿ ಹಾಕಿದೆ. ಭಾನುವಾರ ಭಾನುವಾರ ಮಸಿಯನ್ನು ಚೀಲದಲ್ಲಿ ಕೂರಿಸಿ ತೂಗಿದೆ.

ಮೊದಲ ವಾರ ಆರು ಕಿಲೋ ಇನ್ನೂರೈವತ್ತು. ಆಮೇಲೆ ಆರು ಮುನ್ನೂರೈವತ್ತು. ಮೂರನೆಯ ವಾರ ಆರು ನಾನೂರೈವತ್ತು.

ತಕ್ಕಡಿಯೇ ಸುಳ್ಳು ಹೇಳುತ್ತಿದೆಯೇ ಎಂದು ನಮ್ಮ ಕಸುಬಿನ ರೂಢಿಯಂತೆ ತಟ್ಟೆ ಅದಲುಬದಲು ಮಾಡಿ ತೂಗಿದೆ. ಕಲ್ಲುಗಳನ್ನು ಒಂದಕ್ಕೊಂದು ಇಟ್ಟು ನೋಡಿದೆ. ಎಲ್ಲ ನೆಟ್ಟಗಿತ್ತು. ಆಗ ಕಪಾಟಿನಲ್ಲಿಟ್ಟಿದ್ದ ಒಣ ಆಹಾರದ ಡಬ್ಬಿಯನ್ನು ತೂಗಿದೆ. ದಿನಕ್ಕೆ ನಲವತ್ತು ಗ್ರಾಂ ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು.

ಹೋಗುತ್ತಿದ್ದುದು ಮಧ್ಯಾಹ್ನ. ಒಂದೂವರೆಗೆ ಮಲಗಿ ಮೂರಕ್ಕೆ ಏಳುತ್ತೇನಲ್ಲ, ಎದ್ದು ನೋಡಿದರೆ ಮಸಿಯ ಬಟ್ಟಲು ತೊಳೆದು ಕಿಟಕಿಯ ಮೇಲೆ ಬೋರಲು ಹಾಕಿರುತ್ತಿತ್ತು. ಮೇಲೆ ಅಡ್ಡ ಒಂದು ಚಮಚ. ಹಾಗೆ ಇಡುತ್ತಿದ್ದವಳು ಯಾರೆಂದು ನಿನಗೆ ಹೇಳಬೇಕಿಲ್ಲ. ನಾನು ಬಟ್ಟಲನ್ನು ನೆಲದಲ್ಲೇ ಬಿಡುವವನು, ಅದಕ್ಕಾಗಿ ಅವಳ ಹತ್ತಿರ ಬೈಸಿಕೊಂಡವನು. ಮಸಿ ಮೀಸೆ ನೆಕ್ಕುತ್ತಾ ಅಕ್ಕನ ಬೆತ್ತದ ಕುರ್ಚಿಯನ್ನೇ ನೋಡುತ್ತಾ ಕೂತಿರುತ್ತಿತ್ತು. ಒಂದು ದಿನ ಕುರ್ಚಿಯ ಮೇಲೆ ಕೈಯಿಟ್ಟೆ. ಮೆತ್ತೆ ಬೆಚ್ಚಗಿತ್ತು ಚಿಟ್ಟೆ. ಆ ಮೂಲೆಗೆ ಬಿಸಿಲು ಬರುವುದಿಲ್ಲ.

ಕಪಾಟಿನ ಹಿಡಿಗಳಿಗೆ ದಾರ ಸುತ್ತಿ ಗಂಟು ಹಾಕಿದೆ. ತಕ್ಕಡಿಯ ತಟ್ಟೆ ತೂಗುಹಾಕಲು ನಮ್ಮಪ್ಪ ಹಾಕುತ್ತಿದ್ದ ಗಂಟು. ಅಂಗಡಿಯಲ್ಲಿ ಅಕ್ಕನನ್ನೂ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ. ಈಗ ಅದು ಬರುವುದು ನನಗೊಬ್ಬನಿಗೇ. ಎದ್ದು ನೋಡಿದರೆ ಗಂಟು ಹಾಗೇ ಇತ್ತು. ಬಟ್ಟಲು ಬೋರಲಾಗಿತ್ತು. ಡಬ್ಬಿ ನಲವತ್ತು ಗ್ರಾಂ ಹಗುರವಾಗಿತ್ತು. ಬಿಚ್ಚಿದವರು ಅದೇ ಗಂಟು ಮತ್ತೆ ಹಾಕಿದ್ದರು.

ಹೆದರಿದೆನೇ ಎಂದರೆ ಹೆದರಿದೆ. ಆದರೆ ನಿಜ ಹೇಳುತ್ತೇನೆ, ಹೆದರಿಕೆಯ ಬೆನ್ನಿಗೇ ಸಂತೋಷವೂ ಆಯಿತು. ಅಕ್ಕ ಬರುತ್ತಿದ್ದಾಳೆ ಎಂದುಕೊಂಡೆ. ನಾಲ್ಕು ದಿನ ದಾರ ಕಟ್ಟಲೇ ಇಲ್ಲ. ಭಾನುವಾರ ತೂಗಿದರೆ ಆರು ಕಿಲೋ ಆರುನೂರು. ಮಸಿ ಮೆಟ್ಟಿಲು ಹತ್ತಲಾರದೆ ನಡುವೆ ಕೂತು ಬಾಯಿ ತೆರೆದು ಏದುಸಿರು ಬಿಟ್ಟಿತು. ಅಕ್ಕನ ಪ್ರೀತಿಗೆ ಅಕ್ಕನ ಬೆಕ್ಕನ್ನೇ ಬಲಿಕೊಡಲಾದೀತೇ?

ಕೆಳಮನೆಯ ಟೇಲರಮ್ಮನಿಗೆ ಹೇಳಿದೆ. "ಅಲ್ಲಣ್ಣ, ಸತ್ತೋರಿಗೆ ಬೇರೆ ಕೆಲ್ಸ ಇಲ್ವಾ, ಬೆಕ್ಕಿಗೆ ತಿನ್ಸೋಕೆ ಬರ್ತಾರಾ? ನಂಗಾದ್ರೆ ಸತ್ ಮೇಲಾದ್ರೂ ಸ್ವಲ್ಪ ರಜ ಬೇಕಪ್ಪ" ಎಂದು ನಕ್ಕಳು. ಮಾರನೆಯ ದಿನ ಗುಂಡಿ ಹಚ್ಚುವ ಅಂಗಿಗಳನ್ನೆಲ್ಲ ಹೊತ್ತು ತಂದು ನಮ್ಮ ಕೋಣೆಯ ಮೂಲೆಯಲ್ಲಿ ಕೂತಳು. ನಾನು ಕಪಾಟಿಗೆ ದಾರ ಕಟ್ಟಿ ಮಲಗಿದೆ.

ಎದ್ದಾಗ ಟೇಲರಮ್ಮ ಬಾಗಿಲ ಹೊರಗೆ ನಿಂತಿದ್ದಳು. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದಿತ್ತು, ಒರೆಸಿಕೊಂಡಿರಲಿಲ್ಲ.

"ಯಾರಮ್ಮ ಬಂದಿದ್ದು?" ಎಂದೆ.

"ಯಾರೂ ಬರ್ಲಿಲ್ಲಣ್ಣ. ನೀವೇ ಎದ್ರಿ."

"ನಾನು ಈಗ ತಾನೆ ಎದ್ದೆ."

"ಇಲ್ಲಣ್ಣ, ಎರಡು ಗಂಟೆಗೆ ಎದ್ರಿ. ಕಣ್ಣು ಬಿಟ್ಕೊಂಡಿದ್ರಿ, ಆದ್ರೆ ನನ್ನ ನೋಡ್ಲಿಲ್ಲ. ಕರೆದೆ, ತಿರುಗ್ಲಿಲ್ಲ. ದಾರ ಬಿಚ್ಚಿ ಒಂದು ಹಿಡಿ ಹಾಕಿ, ಅಕ್ಕಾವ್ರ ಕುರ್ಚಿಲಿ ಅವ್ರ ಥರಾನೇ ಕಾಲು ಮಡಚ್ಕೊಂಡು ಕೂತ್ರಿ. ಬೆಕ್ಕು ತಿಂದಾದ್ಮೇಲೆ ಬಟ್ಟಲು ತೊಳೆದಿಟ್ಟು, ದಾರ ಕಟ್ಟಿ, ಹೋಗಿ ಮಲಗಿದ್ರಿ." ಬೆರಳನ್ನು ಈಗ ಸೆರಗಿಗೆ ಒರೆಸಿಕೊಂಡಳು. "ಮಾತೂ ಆಡಿದ್ರಿ. 'ಬೇಗ ತಿನ್ನು ಚಿಟ್ಟೆ, ಮಾವ ಏಳೋದ್ರೊಳಗೆ ತಿನ್ಬಿಡು' ಅಂದ್ರಿ. ದನಿ ನಿಮ್ದಲ್ಲ ಅದು. ಚಿಟ್ಟೆ ಯಾರಣ್ಣ? ಇದರ ಹೆಸರು ಮಸಿ ಅಲ್ವಾ?"

ಅಕ್ಕ ಬೆಕ್ಕನ್ನು ನಿನ್ನ ಹೆಸರಿಟ್ಟು ಕರೆದದ್ದನ್ನು ನಾನು ಒಂದು ದಿನವೂ ಕೇಳಿದವನಲ್ಲ. ನಾನು ನಿದ್ದೆ ಹೋದ ಮೇಲೆ ಕರೆಯುತ್ತಿದ್ದಳೋ ಏನೋ. ಹಾಗಿದ್ದರೆ ನನ್ನ ಬಾಯಿಗೆ ಅದು ಬಂದದ್ದು ಎಲ್ಲಿಂದ? ನಿನಗೇನಾದರೂ ಗೊತ್ತೇ?

ತಕ್ಕಡಿ ಪರೀಕ್ಷಿಸಿದೆ, ಕಲ್ಲು ಪರೀಕ್ಷಿಸಿದೆ, ಡಬ್ಬಿ ಪರೀಕ್ಷಿಸಿದೆ. ತೂಗುವ ಮುದುಕನನ್ನು ಪರೀಕ್ಷಿಸಬೇಕೆಂದು ಹೊಳೆಯಲೇ ಇಲ್ಲ ನೋಡು.

ಈಗ ಡಬ್ಬಿ ಟೇಲರಮ್ಮನ ಮನೆಯಲ್ಲಿದೆ. ಏಳಕ್ಕೂ ಆರಕ್ಕೂ ಅವಳೇ ಅಳತೆಯಂತೆ ತಂದು ಹಾಕುತ್ತಾಳೆ. ಮಸಿ ಹೋದ ವಾರ ಐವತ್ತು ಗ್ರಾಂ ಇಳಿದಿದೆ. ಆದರೂ ನೀನು ಬಂದು ಕರೆದುಕೊಂಡು ಹೋಗುವುದೇ ಒಳ್ಳೆಯದು. ಎರಡು ಗಂಟೆಗೆ ಖಾಲಿ ಬಟ್ಟಲು ಈಗಲೂ ತೊಳೆದು ಬೋರಲಾಗುತ್ತದೆ.

ಮಕ್ಕಳಿಗೆ ಮುತ್ತು. ನಿಮ್ಮ ಒಲೆ ಎಂದೂ ಆರದಿರಲಿ, ನಿಮ್ಮ ಮನೆಯಲ್ಲಿ ಯಾರೂ ಹಸಿದು ಮಲಗದಿರಲಿ.

ಇಂತಿ ನಿನ್ನ
ಮಾವ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದ್ದು. ನಿನ್ನ ಅಮ್ಮ ಕಡೆಯ ದಿನ ಹೊಟ್ಟೆ ತುಂಬ ಉಂಡು ಮಲಗಿದಳು ಎಂದು ನಿನಗೆ ಹೇಳಿದ್ದೆ. ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಅವಳು ನನ್ನನ್ನು ಎಬ್ಬಿಸಿ "ಹಸಿವಾಗ್ತಿದೆ ಕಣೋ" ಎಂದಳು. "ಈಗ ತಾನೆ ಉಂಡೆಯಲ್ಲಕ್ಕ, ಮರೆತುಬಿಟ್ಯಾ?" ಎಂದು ಗದರಿ ಮಗ್ಗುಲು ಬದಲಿಸಿದೆ. ಪಾಪ, ನಂಬಿದಳು. "ಹೌದಾ, ಉಂಡೆನಾ" ಎಂದು ಹೋಗಿ ಮಲಗಿದವಳು ಏಳಲಿಲ್ಲ. ನೀವೆಲ್ಲ ಬಂದು ಹೋದ ಮೇಲೆ ಕಪಾಟು ತೆರೆದೆ. ಅವಳಿಗೆಂದು ನಾನೇ ಬಡಿಸಿ, ಮುಚ್ಚಿಟ್ಟು, ಕೊಡಲು ಮರೆತ ತಟ್ಟೆ ಹಾಗೇ ಇತ್ತು. ಚೆಲ್ಲುವ ಮುಂಚೆ ತೂಗಿದೆ. ಮುನ್ನೂರಿಪ್ಪತ್ತು ಗ್ರಾಂ. ಒಂದು ತುತ್ತೂ ಕಡಿಮೆಯಾಗಿರಲಿಲ್ಲ.

ಬೇಗ ಉತ್ತರ ಬರೆ, ಚಿಟ್ಟೆ. ಬೈದಾದರೂ ಬರೆ. ಇದನ್ನು ನಿನಗೆ ಈ ಮೊದಲೇ ಬರೆದಿದ್ದರೆ ಅದನ್ನೂ ತಿಳಿಸು.