ಮುಚ್ಚಿದ ಮೇಲೂ ಓಡುತ್ತಿದ್ದ ಲ್ಯಾಪ್‌ಟಾಪ್

ಗಡಿಯಾರದಂಗಡಿ, ಕಿಟಕಿ ಪಕ್ಕದ ಮೇಜು
ಬುಧವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಆಸ್ಪತ್ರೆಯಲ್ಲಿ ರೋಗಿಗಳಿಗೆಲ್ಲ ತಿನ್ನಿಸಿ ನೀನು ಬರೀ ಚಹಾ ಕುಡಿದು ಮಲಗುತ್ತೀಯೋ? ಹೋದ ಭಾನುವಾರ ವಿಡಿಯೋದಲ್ಲಿ ನಿನ್ನ ಮುಖ ಸೊರಗಿದಂತೆ ಕಂಡಿತು. ಬೆಳಕು ಸರಿಯಿಲ್ಲ ಅಂತ ನೀನು ಅಂದೆ. ಆಯಸ್ಸೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವಳಿಗೆ ಬೆಳಕಿನ ಪಾಠ ಹೇಳಬೇಡ. ನನ್ನ ಮಂಡಿ ಎಂದಿನಂತೆ ಇದೆ, ಅದರ ಸುದ್ದಿ ಇಷ್ಟೇ.

ಅವತ್ತು "ಅಜ್ಜಿ, ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಎಂದು ನೀನು ಬಾಯಿ ತೆರೆದೆ, ಅಷ್ಟರಲ್ಲಿ ಪರದೆ ಕಪ್ಪಾಯಿತು. ನೀನು ಬಿಟ್ಟುಹೋದ ಲ್ಯಾಪ್‌ಟಾಪು ಅರ್ಧ ಗಂಟೆಗೇ ಕೈಕೊಟ್ಟಿತ್ತು. ಸಿಗ್ನಲ್ ಸಿಗುವುದು ಮೆಟ್ಟಿಲ ತಿರುವಿನ ಕಿಟಕಿ ಹತ್ತಿರ ಮಾತ್ರ, ಅಲ್ಲಿ ಪ್ಲಗ್ಗಿಲ್ಲ ಎನ್ನುವುದು ನಿನಗೂ ಗೊತ್ತು. ಆಮೇಲೆ ನನ್ನ ಗುಂಡಿ ಫೋನಿಗೆ ಮಾಡಿ "ಏನಿಲ್ಲ ಬಿಡಜ್ಜಿ, ಸುಮ್ನೆ" ಅಂದೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ತಪ್ಪಿಸಿಕೊಳ್ಳುವುದು ಸುಲಭ. ಆ ಮಾತು ಏನಿರಬಹುದೆಂದು ಅಂದಿನಿಂದ ತಲೆ ಕೊರೆಯುತ್ತಿದೆ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಾರಾಟಕ್ಕಿಟ್ಟ ಕೈಗಡಿಯಾರಗಳ ಪಕ್ಕದ ಪುಟ್ಟ ತಿರುಪನ್ನು ನಾವು ಹೊರಗೆಳೆದು ಇಡುತ್ತೇವೆ. ಮುಳ್ಳು ನಿಲ್ಲುತ್ತದೆ, ಸೆಲ್ಲು ಉಳಿಯುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕುವುದೂ ಅಂಥದ್ದೇ ಎಂದು ನಂಬಿಕೊಂಡಿದ್ದೆ ನೋಡು. ಶನಿವಾರ ಚಾರ್ಜು ತುಂಬಿಸಿ, ಮುಚ್ಚಿ, ಮೇಲೊಂದು ಟವೆಲನ್ನೂ ಹೊದಿಸಿ ಇಡುತ್ತಿದ್ದೆ. ಈ ಸಲ ಭಾನುವಾರ ರಾತ್ರಿಯೇ ಮತ್ತೆ ಚಾರ್ಜು ತುಂಬಿಸಿ ಹಾಗೇ ಮುಚ್ಚಿಟ್ಟಿದ್ದೆ, ಸೋಮವಾರ ಟವೆಲ್ ತೆಗೆಯಲು ಹೋದರೆ ಬೆಚ್ಚಗಿದೆ! ಕಿವಿಯಿಟ್ಟು ಕೇಳಿದೆ, ಒಳಗೆ ಫ್ಯಾನು ತಿರುಗುತ್ತಿದೆ. ಅಂಗಡಿ ಬಾಗಿಲು ಹಾಕಿದ ಮೇಲೆ ಒಳಗೆ ಯಾರಿಗಪ್ಪ ಕೆಲಸ ಅನ್ನಿಸಿತು.

ಲೈಬ್ರರಿಯ ಕಂಪ್ಯೂಟರ್ ಮೇಡಂ ಗೋಡೆ ಗಡಿಯಾರ ತೆಗೆದುಕೊಂಡು ಹೋಗಲು ಬಂದಿದ್ದರು. ಬಿಡಲಿಲ್ಲ, ಕೂರಿಸಿಕೊಂಡು ಇದರ ಹೊಟ್ಟೆಯೊಳಗೆ ಏನೇನು ಓಡುತ್ತಿದೆ ತೋರಿಸಿ ಅಂದೆ. ಸಾಲುಸಾಲಾಗಿ ಪ್ರೋಗ್ರಾಮುಗಳ ಹೆಸರುಗಳು! "ಯಾರೂ ಕರೆದಿಲ್ಲ, ಎಲ್ಲಾ ಒಳಗೆ ಕೂತು ತಿಂತಾ ಇದಾವೆ" ಅಂದರು. ಅದನ್ನೆಲ್ಲ ತೆಗೆದು ಕಂಪ್ಯೂಟರ್ ನಡೆಸುವ ಬೇರೆ ತಂತ್ರಾಂಶ, ಲಿನಕ್ಸ್ ಅಂತ, ಅದನ್ನು ಹಾಕೋಣ, ಅದರಲ್ಲೇ ಹಗುರವಾದದ್ದೊಂದಿದೆ, ಹಳೆಯ ಯಂತ್ರಕ್ಕೆ ಒಗ್ಗುತ್ತದೆ ಎಂದರು. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ಕ್ಯಾಮೆರಾ, ಮೈಕು, ವೈಫೈ ನೋಡಿದರು. ನಿನ್ನ ಫೋಟೊಗಳನ್ನೆಲ್ಲ ಬೇರೆ ಕಡೆ ಇಟ್ಟ ಮೇಲೆಯೇ ಹಳೆಯದನ್ನು ಅಳಿಸಿದ್ದು, ಗಾಬರಿಯಾಗಬೇಡ. ಬ್ಲೂಟೂತ್ ಆರಿಸಿದರು, ಪರದೆಯ ಬೆಳಕು ಇಳಿಸಿದರು, ಅದೇ ದೊಡ್ಡ ಹೊಟ್ಟೆಬಾಕ ಅಂತೆ. ಇದು ಯಾಕೆ, ಅದು ಯಾಕೆ ಎಂದು ನಾನು ಕೇಳಿ ಕೇಳಿ ಅವರ ಜೀವ ತಿಂದೆ. ಹಳೆಯ ಬ್ಯಾಟರಿ ಹೊಸದಾಗುವುದಿಲ್ಲ, ಖರ್ಚು ಕಡಿಮೆಯಾಗುತ್ತದೆ ಅಷ್ಟೇ ಎಂದರು. ನನ್ನ ಮಂಡಿಯ ಹಾಗೆ ಅಂದೆ, ನಕ್ಕರು.

ಈಗ ಮುಚ್ಚಿದರೆ ನಿಜವಾಗಿಯೂ ಮಲಗುತ್ತದೆ, ಮುಟ್ಟಿ ನೋಡಿದ್ದೇನೆ, ತಣ್ಣಗಿದೆ. ನಿನ್ನೆ ಮೆಟ್ಟಿಲ ಮೇಲೆ ಕೂತು ಮೇಡಂ ಜೊತೆ ವಿಡಿಯೋದಲ್ಲಿ ಹರಟಿ ಪರೀಕ್ಷೆ ಮಾಡಿದೆ. ಒಂದೂವರೆ ಗಂಟೆ ದಾಟಿದರೂ ಜೀವ ಇತ್ತು. ಕೊನೆಗೆ ಸುಸ್ತಾದದ್ದು ಮೇಡಮ್ಮೇ.

ಜೊತೆಯ ನರ್ಸ್ ಹುಡುಗಿಯರಿಗೆಲ್ಲ ಕೇಳಿದೆನೆಂದು ಹೇಳು. ಪಾಳಿ ಮುಗಿದ ಮೇಲೆ ಕಾಲು ಬಿಸಿನೀರಿನಲ್ಲಿ ಇಟ್ಟುಕೋ. ತಣ್ಣಗಿರು, ಮಗಳೇ.

ನಿನ್ನ
ಗಡಿಯಾರದಜ್ಜಿ

ತಾ. ಕ.: ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳುತ್ತೇನೆ. ಪ್ರತಿ ಸಲ ನನ್ನ ಮಂಡಿ, ಅಂಗಡಿ, ಅಡುಗೆ ವಿಚಾರಿಸುವುದರಲ್ಲೇ ನೀನು ಬ್ಯಾಟರಿ ಮುಗಿಸುತ್ತಿದ್ದೆ. "ಚೆನ್ನಾಗಿದ್ದೀನಿ" ಅನ್ನುವುದಕ್ಕೆ ಅರ್ಧ ಗಂಟೆ ಧಾರಾಳ. ಚೆನ್ನಾಗಿಲ್ಲ ಅನ್ನುವುದಕ್ಕೆ ಅಷ್ಟು ಸಾಲದು ಪುಟ್ಟಿ, ಅದು ನನಗೂ ಗೊತ್ತು. ಕೆಲಸ ಬಿಟ್ಟು ಬರಲಾ ಅಂತ ಕೇಳುವುದಿದ್ದರೆ, ನಿನ್ನ ಹಾಸಿಗೆ ಇನ್ನೂ ಅಲ್ಲೇ ಇದೆ. ಬೇರೇನಾದರೂ ಇದ್ದರೆ ಅದನ್ನೂ ಕೇಳುತ್ತೇನೆ. ಈ ಭಾನುವಾರ ಮಂಡಿ ಬಗ್ಗೆ ಕೇಳಬೇಡ, ಆ ಮಾತಿನಿಂದಲೇ ಶುರು ಮಾಡು.