ದಿನದ ಮೊದಲ ನಂಬರ್

ಮಾರ್ಚ್ 10, ಸೋಮವಾರ
ವೀರಭದ್ರಯ್ಯ ಸಾಹುಕಾರರ ಕೋಲ್ಡ್ ಸ್ಟೋರೇಜ್, ಕೂಡ್ಲಿಗಿ. ಏಕೈಕ ಕಂಪ್ಯೂಟರ್ ಆಪರೇಟರ್ ಭರತ್ ಎಂಬ ನಾನು ಇಂದೂ ನಿಯಮದಂತೆ ತಡವಾಗಿ ಹಾಜರಾದೆ. ಸ್ವಿಚ್ ಹಾಕಿದೆ. ಸಾಹುಕಾರರು ಮಾನಿಟರಿಗೆ ಊದುಬತ್ತಿ ಬೆಳಗಿದರು.
ಮೊದಲ ಗಿರಾಕಿ ಅಂಜಿನಕ್ಕ. ಬೀಜ ತೆಗೆದ ಹುಣಸೆಹಣ್ಣು, ನಾಲ್ಕು ಚೀಲ. ಕಂಪ್ಯೂಟರ್ ಕೊಟ್ಟ ಗುಟ್ಟಿನ ನಂಬರ್ 3816. ಅದನ್ನು ಹೇಳಿದವರಿಗೆ ಚೀಲ. ಒಯ್ಯುವಾಗ ಹೆಸರು ಕೇಳುವ ಪದ್ಧತಿಯಿಲ್ಲ. ಅಕ್ಕನಿಗೆ ಓದು ಬರದು. ಎಂದಿನಂತೆ ಹಮಾಲಿ ಗಾದೆಪ್ಪ ಚೀಟಿ ಓದಿ ಹೇಳಿದ.

ಮಾರ್ಚ್ 11
ಮೊದಲ ಗಿರಾಕಿ ಹಂಪಸಾಗರದ ಸೋಮಶೇಖರ್. ಹುಣಸೆಹಣ್ಣು, ನಾಲ್ಕು ಚೀಲ. ನಂಬರ್ 3816.
ಅರೆ... ನಿನ್ನೆಯದೇ.

ಮಾರ್ಚ್ 13
ಇಂದೂ ಅದೇ. ಪ್ರೋಗ್ರಾಂ ಬರೆದುಕೊಟ್ಟ ಗೆಳೆಯ ಹುಲುಗೇಶನಿಗೆ ಫೋನ್ ಹಚ್ಚಿದೆ.
"ಲೇ, ಕಂಪ್ಯೂಟರಿಗೆ ಮನಸಿಗೆ ಬಂದ ನಂಬರ್ ಹೇಳಾಕ ಬರಂಗಿಲ್ಲ. ಒಂದು ಬೀಜ ಕೊಡಬೇಕು, ಅದರ ಮ್ಯಾಲೆ ಲೆಕ್ಕ ಹಾಕ್ತೈತಿ. ಬೀಜ ಬದಲಾಗ್ಲಿಲ್ಲಂದ್ರ ನಂಬರೂ ಬದಲಾಗಂಗಿಲ್ಲ. ನಾನು ದಿನದ ತಾರೀಕು ಕೊಟ್ಟೀನಿ. ತಾರೀಕು ನೋಡು."
ನೋಡಿದೆ. ಜನವರಿ 1. ಒಳಗಿನ ಸೆಲ್ ಸತ್ತಿದೆ. ಸಂಜೆ ಆರಿಸಿದರೆ ಬೆಳಿಗ್ಗೆ ಮತ್ತೆ ಹೊಸ ವರ್ಷ.
"ಬ್ಯಾಂಕಿನವ್ರೂ ಹಿಂಗ ಮಾಡ್ತಾರೇನಲೇ?"
"ಅವ್ರೇನು ಹುಚ್ಚರೇನು? ಮೌಸ್ ಅಲುಗಿದ್ದು, ಕೀ ಒತ್ತಿದ ಅಂತರ, ಮಷೀನಿನ ಒಳಗಿನ ಗದ್ದಲ — ಯಾರಿಗೂ ಊಹಿಸಾಕ ಆಗಲಾರದ್ದೆಲ್ಲ ಕಲಸಿ ಬೀಜ ಮಾಡ್ತಾರ. ಮೊದ್ಲು ಸೆಲ್ ಹಾಕ್ಸು."
ಹಾಕಿಸಬೇಕು. ನಾಳೆ.

ಮಾರ್ಚ್ 14
ಸೆಲ್ಲಿಗಿಂತ ಮೊದಲು ಲೋಕಕಲ್ಯಾಣಾರ್ಥ ಒಂದು ಪ್ರಯೋಗ. ಕಂಪ್ಯೂಟರ್ ಹಚ್ಚುವ ಮುನ್ನ ತೂಕದ ಕಾಟಾ ಹತ್ತಿ, ಕಣ್ಣು ಮುಚ್ಚಿ, ಗಾದೆಪ್ಪನೊಬ್ಬನಿಗೇ ಕಾರಣಿಕ ನುಡಿದೆ: "ಮೂರು ಎಂಟು ಒಂದು ಆರಲೇ ಪರಾಕ್!"
ಮೊದಲ ಗಿರಾಕಿಗೆ ಅದೇ ಬಂತು.
"ಲೇ ಭರತಾ, ಮೈಮ್ಯಾಗ ಮೈಲಾರಪ್ಪ ಬಂದಾನೇನಲೇ?"
ಒಂದು ಚಹಾ ಗೆದ್ದೆ. ಸೆಲ್ — ಸೋಮವಾರ.

ಮಾರ್ಚ್ 22
ಚಹಾ. ಜೊತೆಗೆ ಮಿರ್ಚಿ.

ಏಪ್ರಿಲ್ 7
ನಂಬರ್ ಒತ್ತಿದರೆ ಕಂಪ್ಯೂಟರ್ ಮೊದಲು ಬರೆದ ಜಾಗವನ್ನಷ್ಟೇ ತೋರಿಸುತ್ತದೆ; ಅಲ್ಲಿ ಅಂಜಿನಕ್ಕನ ಚೀಲಗಳಿಲ್ಲ. ಹೋದ ವಾರ ನಂಬರ್ ಹೇಳಿದ ಯಾರಿಗೋ ಸಾಹುಕಾರರೇ ಕೊಟ್ಟು ಕಳಿಸಿದ್ದಾರೆ.
"ಮಗಳ ಬಾಣಂತನ ಅದರಾಗ ಐತ್ರಿ ಯಪ್ಪಾ" ಅಂದಳು.
"ಆ ನಂಬರ್ ನಿನಗ ಗೊತ್ತು, ಕಂಪ್ಯೂಟರಿಗೆ ಗೊತ್ತು, ಓದಿ ಹೇಳಿದ ಗಾದೆಪ್ಪಗ ಗೊತ್ತು. ಕಂಪ್ಯೂಟರ್ ಏನು ಹುಣಸಿಹಣ್ಣು ತಿಂತೈತೇನು?" ಅಂದರು ಸಾಹುಕಾರರು.
ಗಾದೆಪ್ಪ ನಾಳೆಯಿಂದ ಬರುವಂತಿಲ್ಲ. ಅವನು ನನ್ನ ಕಡೆ ನೋಡಿದ. ಚಹಾದ ಸುದ್ದಿ ಎತ್ತಲಿಲ್ಲ.

ಏಪ್ರಿಲ್ 8
ಗಾದೆಪ್ಪನನ್ನು ನಾನೇ ಮನೆಯಿಂದ ಕರೆತಂದೆ. ಎಲ್ಲರೆದುರು ಕಾಟಾ ಹತ್ತಿದೆ. ದಿನದ ಮೊದಲ ಮೂರು ನಂಬರ್ ನುಡಿದೆ. ಸಾಹುಕಾರರೇ ಸ್ವಿಚ್ ಹಾಕಿದರು. ಮೂರೂ ಬಂದವು. ಯಾರೂ ನಗಲಿಲ್ಲ. ಜನವರಿ 1 ತೋರಿಸಿದೆ. ದಿನಾ ಮೊದಲು ಬಂದವರಿಗೆಲ್ಲ ಇದೇ ನಂಬರ್ ಎಂದೆ.
ಹಾಗೆ ಮೊದಲು ಬಂದವರಿಗೆ ಒಬ್ಬೊಬ್ಬರಿಗೇ ಫೋನ್ ಹೋಯಿತು. ಸೋಮಶೇಖರ್ ಸಿಕ್ಕ.
"ಹೌದ್ರಿ, ನಾನ ಒಯ್ದೀನಿ. ನಂದು ಬೀಜ ತೆಗಿಲಾರದ್ದು, ಮನಿಗೆ ಬಂದು ನೋಡಿದ್ರ ತೆಗೆದದ್ದು! ನೀವ ತೆಗಿಸೀರಿ ಅಂತ ಖುಷಿಯಾಗಿದ್ನಿ. ಇನ್ನೂ ಮಾರಿಲ್ರಿ, ತರ್ತೀನಿ."
ಅಂಜಿನಕ್ಕ ಇದ್ದಲ್ಲೇ ಕುಸಿದು ಕುಳಿತಳು. ಗಾದೆಪ್ಪ ಟವೆಲ್ ಕೊಡವಿ ಹೆಗಲಿಗೇರಿಸಿ ಒಳಗೆ ನಡೆದ. ನಾನು ಕಾಟಾದಿಂದ ಗಂಭೀರವಾಗಿ ಇಳಿಯುತ್ತಿದ್ದೆ.
"ನಿಂದ್ರು ಭರತ" ಅಂದರು ಸಾಹುಕಾರರು. "ಇದು ನಿನಗ ಯಾವಾಗಿಂದ ಗೊತ್ತೈತಿ?"
"ನಿನ್ನೆ..."
ಬಾಗಿಲಲ್ಲಿ ಗಾದೆಪ್ಪ ತಿರುಗಿ ನಿಂತ. ನಿನ್ನೆ ನೋಡಿದ ಹಾಗೆಯೇ ನೋಡಿದ.
"ಸಾವ್ಕಾರ್ರ..." ಅಂದೆ. "ನಿನ್ನೆ ಅಲ್ರಿ. ಮಾರ್ಚ್—"